ತಟ್ಟಿದ ಬಾಗಿಲು, ಒಳಗಿನ ಮೌನ

ತುಂಗಭದ್ರೆಯ ದಡದ ಕಂಪ್ಲಿಯ ಹೆಸರೆತ್ತಿದೊಡನೆ ಕನ್ನಡಿಗನ ಮನಸ್ಸು ಗಂಡುಗಲಿ ಕುಮಾರರಾಮನತ್ತ ಹರಿಯುತ್ತದೆ. ಅವನ ತಂದೆ ಕಂಪಿಲರಾಯನ ರಾಜ್ಯವು 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಬಿದ್ದಿತು. ಅದರ ನೆರೆಯಲ್ಲಿಯೇ ಮುಂದೆ ತಲೆಯೆತ್ತಿದ ವಿಜಯನಗರ ಆ ಪಾಠವನ್ನು ಮರೆಯಲಿಲ್ಲವೆಂದು ತೋರುತ್ತದೆ. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ಒಂದರೊಳಗೊಂದಾಗಿ ಏಳು ಕೋಟೆಗಳಿದ್ದುವೆಂದು ಬರೆದಿದ್ದಾನೆ. ಹೊರಗೋಡೆಯ ಮುಂದೆ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ಒತ್ತೊತ್ತಾಗಿ ನಿಲ್ಲಿಸಿದ್ದರಂತೆ; ಕಾಲಾಳಾಗಲಿ ಕುದುರೆಯಾಗಲಿ ಸುಲಭವಾಗಿ ಗೋಡೆಯ ಬಳಿ ಸಾರುವಂತಿರಲಿಲ್ಲ.

ಇಂದು ಅದೇ ಸೀಮೆಯ ಶಾಲೆಯಲ್ಲೋ ಸಹಕಾರಿ ಸಂಘದಲ್ಲೋ ಕುಳಿತಿರುವ ಗಣಕಯಂತ್ರವೂ ಒಂದು ಪುಟ್ಟ ಕೋಟೆಯೇ. ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ 'ಪೋರ್ಟ್' ಎಂಬ ಅಂಕಿತ ಬಾಗಿಲುಗಳುಂಟು. ಅವುಗಳ ಸಂಖ್ಯೆ 65,535ರವರೆಗೆ ಹೋಗುತ್ತದೆ. ಜಾಲತಾಣಕ್ಕೆ 80 ಮತ್ತು 443, ಕಡತಗಳ ಹಂಚಿಕೆಗೆ 445, ದೂರದಿಂದ ಯಂತ್ರವನ್ನು ನಡೆಸುವುದಕ್ಕೆ 22 ಅಥವಾ 3389 - ಹೀಗೆ ಒಂದೊಂದು ಕಾರ್ಯಕ್ಕೆ ಒಂದೊಂದು ಬಾಗಿಲು.

ಈ ಬಾಗಿಲುಗಳನ್ನು ಸಾಲಾಗಿ ತಟ್ಟಿ ನೋಡುವುದಕ್ಕೆ 'ಪೋರ್ಟ್ ಸ್ಕ್ಯಾನ್' ಎಂದು ಹೆಸರು. 1997ರಲ್ಲಿ ಗೋರ್ಡನ್ ಲಯನ್ ಹೊರತಂದ 'ಎನ್‌ಮ್ಯಾಪ್' ಇದರ ಹೆಸರಾಂತ ಉಪಕರಣ. ಅದು ಕಾವಲುಗಾರನಿಗೂ ಕಳ್ಳನಿಗೂ ಸಮನಾಗಿ ಒದಗುತ್ತದೆ. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ರಚಿಸಿದ 'ಝೀಮ್ಯಾಪ್' ಇಡೀ ಜಗತ್ತಿನ ಹಳೆಯ ಮಾದರಿಯ ವಿಳಾಸಗಳಲ್ಲಿ ಒಂದೊಂದು ಬಾಗಿಲನ್ನು ಮುಕ್ಕಾಲು ಗಂಟೆಯೊಳಗೆ ತಟ್ಟಿ ಮುಗಿಸಬಲ್ಲದಾಗಿತ್ತು. 'ನಮ್ಮ ಊರಿನ ಸಣ್ಣ ಯಂತ್ರವನ್ನು ಯಾರು ಕೇಳುತ್ತಾರೆ?' ಎಂಬ ಸಮಾಧಾನಕ್ಕೆ ಇನ್ನು ಎಡೆಯಿಲ್ಲ. ತಟ್ಟುವವನು ಊರನ್ನು ನೋಡುವುದಿಲ್ಲ, ಬಾಗಿಲನ್ನಷ್ಟೇ ನೋಡುತ್ತಾನೆ.

ತಟ್ಟಿದವನಿಗೆ ದೊರೆಯಬಹುದಾದ ಉತ್ತರಗಳು ಮೂರು. 'ಬನ್ನಿ' ಎಂದರೆ ಬಾಗಿಲು ತೆರೆದಿದೆ, 'ಇಲ್ಲಿ ಯಾರೂ ಇಲ್ಲ, ಹೋಗಿ' ಎಂದರೆ ಮುಚ್ಚಿದೆ, ಮೂರನೆಯದು ಮೌನ. ಕಾವಲುಗೋಡೆಯ ತಂತ್ರಾಂಶವಾದ 'ಫೈರ್‌ವಾಲ್' ಬಂದ ಕೋರಿಕೆಯನ್ನು ಸದ್ದಿಲ್ಲದೆ ಬಿಸುಟರೆ ಮೌನವೇ ಉತ್ತರವಾಗುತ್ತದೆ. ಯಂತ್ರವನ್ನು 'ಅಡಗಿಸುವುದು' ಎಂದು ಜನ ಹೇಳುವುದು ಇದನ್ನೇ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ವಿಳಾಸದಲ್ಲಿ ಯಂತ್ರವೇ ಇಲ್ಲದಿದ್ದರೆ, ದಾರಿಯ ರೂಟರು 'ಅಂಥವರಿಲ್ಲ' ಎಂದು ಅನೇಕ ವೇಳೆ ಸುದ್ದಿ ಕಳಿಸುತ್ತದೆ. ಅಂಥ ಸುದ್ದಿಯೂ ಬರದೆ ಬರಿಯ ಮೌನವೇ ಇದ್ದರೆ, ಒಳಗೆ ಯಾರೋ ಉಸಿರು ಬಿಗಿಹಿಡಿದು ಕುಳಿತಿದ್ದಾರೆಂದು ಜಾಣ ಊಹಿಸಬಲ್ಲ. ಮೌನದಿಂದ ಕಳ್ಳನ ಕೆಲಸ ನಿಧಾನವಾಗುತ್ತದೆ, ನಿಜ. ತೆರೆದ ಬಾಗಿಲಿನ ದೋಷವನ್ನು ಅದು ಮುಚ್ಚಲಾರದು.

ದೋಷದ ಬೆಲೆಯೆಷ್ಟೆಂಬುದನ್ನು 2017ರ ಮೇ ತಿಂಗಳಲ್ಲಿ ಜಗತ್ತು ಕಂಡಿತು. 'ವಾನ್ನಾಕ್ರೈ' ಎಂಬ ಸುಲಿಗೆಯ ತಂತ್ರಾಂಶವು 445ನೆಯ ಬಾಗಿಲಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿನಲ್ಲಿಯೇ ತೇಪೆ ಒದಗಿಸಿತ್ತು, ಹಚ್ಚಿಕೊಳ್ಳದವರು ಬಹುಮಂದಿ.

ಆದುದರಿಂದ ಅಡಗುವುದಕ್ಕಿಂತ ಮೊದಲು ಬಾಗಿಲುಗಳನ್ನು ಎಣಿಸಬೇಕು. ಬೇಡದ ಸೇವೆಯನ್ನು ನಿಲ್ಲಿಸುವುದೇ ಬಾಗಿಲಿಗೆ ಇಟ್ಟಿಗೆ ಕಟ್ಟಿದಂತೆ. ಯಂತ್ರದೊಳಗಷ್ಟೇ ಬೇಕಾದ ಸೇವೆ ಹೊರಗಿನ ಕರೆಗೆ ಕಿವಿಗೊಡಬೇಕಾಗಿಲ್ಲ. ರೂಟರಿನಲ್ಲಿ ಯಾರೋ ಎಂದೋ ತೆರೆದಿಟ್ಟ ದಾರಿಯನ್ನು ಹುಡುಕಿ ಮುಚ್ಚಬೇಕು. ಕಚೇರಿಯ ಕೆಲಸಕ್ಕೆ ದೂರದಿಂದ ಬರುವವರು 'ವಿಪಿಎನ್' ಎಂಬ ಒಂದೇ ಹೆಬ್ಬಾಗಿಲಿನಿಂದ ಬರಲಿ. ತೆರೆದೇ ಇರಬೇಕಾದ ಬಾಗಿಲಿಗೆ ಗಟ್ಟಿ ಬೀಗವೂ ಹೊಸ ತೇಪೆಯೂ ಇರಲಿ. ಉಳಿದುದಕ್ಕೆ ಮೌನ ಒಪ್ಪುತ್ತದೆ. ಅನಂತರ ತಮ್ಮ ಯಂತ್ರವನ್ನು ತಾವೇ ಹೊರಗಿನಿಂದ ತಟ್ಟಿ ನೋಡಬೇಕು; ಪರರ ಯಂತ್ರವನ್ನು ಅವರ ಒಪ್ಪಿಗೆಯಿಲ್ಲದೆ ತಟ್ಟುವುದು ಸಲ್ಲದು.

ವಿಜಯನಗರದ ಶಿಲ್ಪಿಗಳು ರಾಜಧಾನಿಯನ್ನು ಯಾರ ಕಣ್ಣಿಂದಲೂ ಮರೆಸಲು ಹೋಗಲಿಲ್ಲ. ಹಗೆ ಬರುವನೆಂದೇ ಎಣಿಸಿ ಗೋಡೆಯ ಹಿಂದೆ ಗೋಡೆ ಕಟ್ಟಿದರು. ಶಾಲೆಯ ಮಕ್ಕಳ ಅಂಕಪಟ್ಟಿ, ಸಂಘದ ಸದಸ್ಯರ ಲೆಕ್ಕಪತ್ರ ಇವುಗಳನ್ನು ಕಾಯುವವರೂ ಹಾಗೆಯೇ ಎಣಿಸುವುದು ವಿವೇಕ.