ಅಣೆಕಟ್ಟೆಯ ನಡುಗಡ್ಡೆಯಲ್ಲಿ ರೀವಗಳ ಬಾಣಂತನ

ಕಡಲಾಳದ ಜ್ವಾಲಾಮುಖಿಗಳಿಂದ ಮೇಲೆದ್ದ ಗೆಲಾಪಗೋಸ್ ದ್ವೀಪಗಳನ್ನು ಹಡಗಿನಲ್ಲಿ ಸುತ್ತಿ, ಮನುಷ್ಯರಿಗೆ ಅಂಜದ ಹಕ್ಕಿಗಳನ್ನು ನೋಡಿಬರಲು ದೇಶದೇಶಗಳ ಜನ ಲಕ್ಷಗಟ್ಟಲೆ ಹಣ ಸುರಿಯುತ್ತಾರೆ. ನಮ್ಮ ಮಲೆನಾಡಿನ ನರಸಿಂಹರಾಜಪುರದ ಮಗ್ಗುಲಲ್ಲೂ ಹಕ್ಕಿಗಳ ದ್ವೀಪಗಳಿವೆ. ಇವು ಹುಟ್ಟಿದ್ದು ಮಾತ್ರ ನೀರಾವರಿ ಯೋಜನೆಯೊಂದರಿಂದ.

ಲಕ್ಕವಳ್ಳಿಯ ಬಳಿ ಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಪೂರ್ಣಗೊಂಡದ್ದು 1960ರ ದಶಕದಲ್ಲಿ. ಹಿಂದೆ ಎಡೇಹಳ್ಳಿ ಎನಿಸಿದ್ದು, ಮೈಸೂರಿನ ಯುವರಾಜರ ಹೆಸರು ಹೊತ್ತು ನರಸಿಂಹರಾಜಪುರವಾದ ಊರಿನ ಸುತ್ತ ಹಿನ್ನೀರು ಹರಡಿತು. ಗದ್ದೆ, ತೋಟ, ಹಳ್ಳಿಗಳು ಮುಳುಗಿ ಗುಡ್ಡಗಳ ನೆತ್ತಿಗಳಷ್ಟೇ ಮೇಲುಳಿದವು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಲಕ್ಕವಳ್ಳಿಯಿಂದ ದೋಣಿಯಲ್ಲಿ ಹೊರಟವರಿಗೆ ಮೊದಲು ಎದುರಾಗುವುದು ನೀರಿನಲ್ಲಿ ನಿಂತೇ ಸತ್ತ ಮರಗಳು. ಅವುಗಳ ಬೋಳು ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತವೆ. ಒಂದು ದಡದುದ್ದಕ್ಕೂ ಭದ್ರಾ ಅಭಯಾರಣ್ಯ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಇದು. ಅದೃಷ್ಟವಿದ್ದರೆ ನೀರಿಗಿಳಿದ ಆನೆ ಹಿಂಡು, ಹಸಿರು ಮೇಯುವ ಕಾಟಿ ಕಾಣಸಿಗುತ್ತವೆ. ಹುಲಿಯನ್ನು ನಂಬಿ ದೋಣಿ ಹತ್ತಬಾರದು.

ನಡುಗಡ್ಡೆ ಹತ್ತಿರವಾದಂತೆ ಗದ್ದಲ ಹೆಚ್ಚುತ್ತದೆ. ನೂರಾರು ನದಿ ರೀವಗಳು, ಎಂದರೆ ರಿವರ್ ಟರ್ನ್‌ಗಳು. ಬೂದು ಬೆನ್ನು, ಕಪ್ಪು ಟೊಪ್ಪಿ, ಅರಿಸಿನ ಬಣ್ಣದ ಕೊಕ್ಕು, ಕವಲೊಡೆದ ಬಾಲ. ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಉಣಿಸಿ ಒಲಿಸಿಕೊಳ್ಳುತ್ತದೆ. ಗೂಡು ಎನ್ನಲು ಅಲ್ಲೇನೂ ಇಲ್ಲ, ಬರಿ ನೆಲದಲ್ಲಿ ಕೆದರಿದ ಒಂದು ಗುಳಿ. ಅದರಲ್ಲಿ ಸಾಮಾನ್ಯವಾಗಿ ಮೂರು ಮೊಟ್ಟೆ, ಕಲ್ಲಿನ ನಡುವೆ ಕಲ್ಲಿನಂತೆಯೇ ಕಾಣುವ ಚುಕ್ಕೆಗಳು. ನಡುಹಗಲಿನ ಬಿಸಿಲಿಗೆ ನೆಲ ಕಾದಾಗ ತಾಯ್ತಂದೆಗಳು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತವೆ. ಇಲ್ಲಿ ಕಾವು ಕೊಡುವಷ್ಟೇ ಮುಖ್ಯ ತಂಪು ಮಾಡುವುದು. ದೋಣಿ ತೀರ ಹತ್ತಿರ ಹೋದರೆ ಹಕ್ಕಿ ಎದ್ದುಬಿಡುತ್ತದೆ, ಮೊಟ್ಟೆ ಬಿಸಿಲಿಗೂ ಕಾಗೆಗೂ ಒಡ್ಡಿಕೊಳ್ಳುತ್ತದೆ. ಒಳ್ಳೆಯ ಫೋಟೋದ ಆಸೆ ಇರುವವರು ಇದನ್ನು ನೆನಪಿಡಬೇಕು.

ಈ ಬಾಣಂತನದ ಪಂಚಾಂಗ ಬರೆಯುವುದು ಅಣೆಕಟ್ಟೆ. 186 ಅಡಿ ತುಂಬಿದಾಗ ತಗ್ಗಿನ ನಡುಗಡ್ಡೆಗಳು ನೀರೊಳಗಿರುತ್ತವೆ. ದಾವಣಗೆರೆ ಕಡೆಯ ಬೇಸಿಗೆ ಭತ್ತಕ್ಕೆ ನಾಲೆಯಲ್ಲಿ ನೀರು ಬಿಟ್ಟಂತೆಲ್ಲ ಅವು ಒಂದೊಂದಾಗಿ ತಲೆ ಎತ್ತುತ್ತವೆ, ರೀವಗಳು ಬಂದಿಳಿಯುತ್ತವೆ. ನೀರು ಇಳಿಯುವುದು ತಡವಾದರೆ ಮೊಟ್ಟೆಗೆ ಜಾಗವಿಲ್ಲ. ತೀರ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿ, ನರಿಗಳಿಗೆ ದಾರಿಯಾಗುತ್ತದೆ. ಮಳೆ ಬೇಗ ಹಿಡಿದರೆ ಹಾರಲಾರದ ಮರಿಗಳ ಗತಿ ಹೇಳಬೇಕಿಲ್ಲ. ನದಿಗಳ ಮರಳುದಿಬ್ಬಗಳು ಹಾಳಾಗಿ ಈ ಹಕ್ಕಿ ಜಾಗತಿಕ ಅಪಾಯದ ಪಟ್ಟಿ ಸೇರಿರುವಾಗ, ಹಿನ್ನೀರಿನ ಒಂದೆರಡು ಅಡಿಯೂ ಸಣ್ಣ ಮಾತಲ್ಲ.

ಆ ಲೆಕ್ಕಕ್ಕೆ ಈಗ ಹೊಸದೊಂದು ಅಂಕಿ ಸೇರಿದೆ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿದರೂ ದಾರಿ ಬೇರೆ. ತುಂಗೆ ಶೃಂಗೇರಿಯ ಸ್ನಾನಘಟ್ಟದ ಮೀನುಗಳನ್ನು ಸವರಿ, ಕೊಪ್ಪ ತಾಲ್ಲೂಕಿನ ಹರಿಹರಪುರ ದಾಟಿ ತೀರ್ಥಹಳ್ಳಿಯತ್ತ ಹೋಗುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ಹಾದು ಈ ಹಿನ್ನೀರಿಗೆ ಬರುತ್ತಾಳೆ. ಇಬ್ಬರೂ ಸಂಧಿಸುವುದು ದೂರದ ಕೂಡ್ಲಿಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆ ಆ ಭೇಟಿಯನ್ನು ಇಲ್ಲೇ ಏರ್ಪಡಿಸಿದೆ: ತುಂಗೆಯಿಂದ 17.4 ಟಿಎಂಸಿ ಅಡಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ತುಂಬುವುದು, ಇಲ್ಲಿಂದ 29.9 ಟಿಎಂಸಿ ಅಡಿಯನ್ನು ಚಿತ್ರದುರ್ಗದ ಕಡೆಯ ಬರಡು ನೆಲಕ್ಕೆ ಒಯ್ಯುವುದು. ಬಯಲುಸೀಮೆಯ ಬಾಯಾರಿಕೆ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನೀರು ಯಾವ ತಿಂಗಳು ಏರುತ್ತದೆ, ಯಾವ ತಿಂಗಳು ಇಳಿಯುತ್ತದೆ ಎಂಬುದರ ಮೇಲೆ ರೀವಗಳ ಗುಳಿಗಳು ನಿಂತಿವೆ.

ಜೂನ್ ಕಳೆದು ಮಲೆನಾಡಿನ ಮಳೆ ಬಿದ್ದ ಮೇಲೆ ಅದೇ ದೋಣಿದಾರಿಯಲ್ಲಿ ಹೋದರೆ ಗದ್ದಲವಿಲ್ಲ. ತಗ್ಗಿನ ನಡುಗಡ್ಡೆಗಳ ಮೇಲೆ ಕೆಂಪು ನೀರು ತುಂಬಿರುತ್ತದೆ, ಸತ್ತ ಮರಗಳ ತುದಿಯಲ್ಲಿ ನೀರುಕಾಗೆಗಳು ಮಾತ್ರ.