ಸದ್ದು ಜಾಸ್ತಿ, ಓಟ ಕಮ್ಮಿ!

ಮೈಸೂರು: ಬೆಳಿಗ್ಗೆ ಒಂಬತ್ತರ ಹೊತ್ತು. ಸಿಟಿ ಬಸ್ ಸ್ಟ್ಯಾಂಡ್ ಬಳಿ ಟ್ರಾಫಿಕ್ ಬಿಟ್ಟಿತು. ಎಲ್ಲರಿಗಿಂತ ಮುಂದೆ ಒಂದು ಹಳೆಯ ಯೆಜ್ಡಿ. ಅದರ ಬೆನ್ನಿಗೇ ಜನ ಕಿಕ್ಕಿರಿದ ಬಸ್ಸು. ಸವಾರ ಕ್ಲಚ್ ಬಿಟ್ಟು ಆಕ್ಸಿಲರೇಟರ್ ತಿರುಗಿಸಿದ. ಗಾಡಿ ಗುಡುಗಿತೇ ಹೊರತು ಹೊರಡಲಿಲ್ಲ. ಎರಡು ಸಲ ಬಿಕ್ಕಳಿಸಿ ನಡುರಸ್ತೆಯಲ್ಲಿ ನಿಂತೇ ಹೋಯಿತು. ಬಸ್ ಡ್ರೈವರ್ ಬ್ರೇಕ್ ತುಳಿದ ರಭಸಕ್ಕೆ ಒಳಗೆ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಮೊಳದಷ್ಟು ಅಂತರದಲ್ಲಿ ಜೀವ ಉಳಿಯಿತು.

ಸವಾರ ಇಪ್ಪತ್ತೈದರ ಹುಡುಗ. ಅಂಗಡಿ ಅಂಗಡಿಗೆ ಬಿಸ್ಕತ್ತು, ಟೀ ಪುಡಿ ಹಾಕುವ ಲೈನ್ ಕೆಲಸ. ಗಾಡಿ ಅಪ್ಪನದು. ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1961ರಲ್ಲಿ ಆರಂಭವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಪ್ಪನ ಪಾಲಿಗೆ ಉಳಿದ ನೆನಪು ಈ ಗಾಡಿಯೊಂದೇ.

ಇಂಥ ಗಾಡಿಗೆ ಏನು ಬಂತು? ಹದಿನೈದು ದಿನದ ಹಿಂದೆ ಗೆಳೆಯರ ಮಾತು ಕೇಳಿ ಹುಡುಗ ಎರಡೂ ಸೈಲೆನ್ಸರ್‌ಗಳ ಒಳಗಿನ ಕೊಳವೆ ಕಿತ್ತಿಸಿದ್ದ. "ಪಿಕಪ್ ಬರುತ್ತೆ ಗುರು, ರಾಜನ ಥರ ಸೌಂಡು" ಅಂದಿದ್ದರಂತೆ. ಸೌಂಡೇನೋ ಬಂತು, ಪಿಕಪ್ ಹೋಯಿತು. ಅಪ್ಪ ಒಂದೇ ಮಾತು ಕೇಳಿ ಸುಮ್ಮನಾದರು: "ಬೇಡದ ಸಾಮಾನು ಒಳಗೆ ಹಾಕೋಕೆ ನಮಗೇನು ತಲೆ ಕೆಟ್ಟಿತ್ತೇನೋ?"

ಅಂಗಡಿಯವರ ದೂರು ಬೇರೆ. "ನೀನು ಬರೋದು ಎರಡು ಬೀದಿ ಮುಂಚೇನೇ ಗೊತ್ತಾಗುತ್ತಪ್ಪ. ಗಿರಾಕಿ ಅರ್ಧ ಕೆಜಿ ಅಂದಿದ್ದು ಒಂದು ಕೆಜಿ ಅಂತ ಕೇಳಿಸ್ತದೆ" ಎಂದು ದಿನಸಿ ಅಂಗಡಿಯವರೊಬ್ಬರು ಗೊಣಗಿದ್ದರು.

ಹಿತ್ತಿಲ ಬಾಗಿಲ ಕಥೆ

ಕಡೆಗೆ ಗಾಡಿಯನ್ನು ತಳ್ಳಿಕೊಂಡು ಹಳೇ ಮೇಸ್ತ್ರಿಯ ಗ್ಯಾರೇಜಿಗೆ ಬಂದ ಹುಡುಗ, "ಮೇಸ್ತ್ರಿಗಳೇ, ಕಾರ್ಬುರೇಟರ್ ಬದಲಾಯಿಸಿಬಿಡಿ" ಅಂದ.

"ಅದಿರ್ಲಿ ಮಗಾ. ಸೈಲೆನ್ಸರ್ ಕೊಳವೆ ಎಲ್ಲಿ ಮಡಗಿದ್ದೀಯ?"

"ಮನೇಲಿ ಅಟ್ಟದ ಮೇಲೆ ಐತೆ."

"ಪುಣ್ಯಾತ್ಮ, ಗುಜರಿಗೆ ಹಾಕಲಿಲ್ವಲ್ಲ!"

ಮೇಸ್ತ್ರಿ ಹೇಳಿದ ಪಾಠ ಇಷ್ಟು. ಹಳೆಯ ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಅದರಲ್ಲಿ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತದೆ, ತೆರೆಯುತ್ತದೆ. ಹೊಸ ಪೆಟ್ರೋಲ್ ಗಾಳಿ ಒಳಕ್ಕೆ ಬರುವಾಗ ಹೊಗೆ ಹೋಗುವ ಕಿಂಡಿ ಇನ್ನೂ ತೆರೆದೇ ಇರುತ್ತದೆ. ಹಿತ್ತಿಲ ಬಾಗಿಲು ತೆರೆದಿಟ್ಟು ಮುಂಬಾಗಿಲಲ್ಲಿ ದಿನಸಿ ಇಳಿಸಿಕೊಂಡ ಹಾಗೆ! ಹೀಗೆ ಹಿಂದಿನಿಂದ ಸೋರಿಹೋಗುವ ಮಾಲನ್ನು ತಡೆಯುವುದು ಸೈಲೆನ್ಸರ್. ಹೊಗೆಯ ಒತ್ತಡದ ಅಲೆ ಅದರೊಳಗೆ ಬಡಿದು ವಾಪಸು ಬಂದು, ಹೊರಟಿದ್ದ ಹೊಸ ಗಾಳಿಯನ್ನು ಮತ್ತೆ ಒಳಕ್ಕೆ ನೂಕುತ್ತದೆ. ಸೈಲೆನ್ಸರ್‌ನ ಉದ್ದ, ಅಗಲ, ಒಳಗಿನ ಕೊಳವೆ ಎಲ್ಲವೂ ಈ ಲೆಕ್ಕಕ್ಕೆ ಕೂಡಿಸಿದ್ದು. ಕೊಳವೆ ಕಿತ್ತರೆ ಲೆಕ್ಕ ತಪ್ಪುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ, ಅಂದರೆ ಸರ್ಕಲ್ಲಿನಲ್ಲಿ ಹೊರಡುವಾಗಲೇ, ಶಕ್ತಿ ಕೈಕೊಡುತ್ತದೆ.

ಹಾಗಂತ ಕೊಳವೆ ಕಟ್ಟಿಕೊಂಡರೂ ಕಷ್ಟವೇ. ಟೂ ಸ್ಟ್ರೋಕ್ ಹೊಗೆಯಲ್ಲಿ ಎಣ್ಣೆ ಇರುವುದರಿಂದ ಕಾಲಕ್ರಮದಲ್ಲಿ ಮಸಿ ಕೂತು ರಂಧ್ರ ಮುಚ್ಚುತ್ತದೆ. ಆಗಲೂ ಗಾಡಿ ಎಳೆಯುವುದಿಲ್ಲ. ಅದಕ್ಕೆ ಮದ್ದು ಕಿತ್ತುಹಾಕುವುದಲ್ಲ, ಬಿಚ್ಚಿ ಶುಚಿ ಮಾಡುವುದು. ಹಿಂದಿನವರು ಕೊಳವೆಯನ್ನು ಬಚ್ಚಲೊಲೆಯ ಕೆಂಡಕ್ಕಿಟ್ಟು ಮಸಿ ಸುಟ್ಟು, ತಣ್ಣಗಾದ ಮೇಲೆ ತಟ್ಟಿ ಉದುರಿಸುತ್ತಿದ್ದರು.

ಮೊದಲ ಕಾಲು ತಿರುವು

ಕೊಳವೆಗಳು ಒಳಗೆ ಸೇರಿದವು. ಗಾಡಿ ಮುಕ್ಕಾಲು ಪಾಲು ಸರಿಹೋಯಿತು. ಆದರೂ ಹೊರಡುವಾಗ ಸಣ್ಣಗೊಂದು ತಡವರಿಕೆ. ಈಗ ಮೇಸ್ತ್ರಿಯ ಕೈ ಕಾರ್ಬುರೇಟರ್‌ಗೆ ಹೋಯಿತು.

ಆಕ್ಸಿಲರೇಟರಿನ ಮೊದಲ ಕಾಲು ತಿರುವಿನಲ್ಲಿ ಹೆಚ್ಚಿನ ಕೆಲಸ ಪೈಲಟ್ ಜೆಟ್‌ನದು. ಮೇನ್ ಜೆಟ್‌ಗೆ ಪೂರ್ತಿ ಕೆಲಸ ಸಿಗುವುದು ಪೂರಾ ತಿರುಗಿಸಿದಾಗ. ಪೈಲಟ್ ಜೆಟ್‌ನ ರಂಧ್ರ ಬಲು ಸಣ್ಣದು. ಗಾಡಿ ವಾರಗಟ್ಟಲೆ ನಿಂತರೆ ಪೆಟ್ರೋಲ್ ಆರಿ ಅಂಟು ಕೂರುತ್ತದೆ. ಅದನ್ನು ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಹೊಡೆದು ಬಿಡಿಸಬೇಕು. ತಂತಿ ಚುಚ್ಚಿದರೆ ರಂಧ್ರ ಅಗಲವಾಗಿ ಜೆಟ್ಟೇ ಕೆಡುತ್ತದೆ.

ಎರಡನೆಯದು ಕಳ್ಳಗಾಳಿ. ಕಾರ್ಬುರೇಟರ್ ಕೂರುವ ಕಡೆ ಗ್ಯಾಸ್ಕೆಟ್ ಹರಿದಿದ್ದರೆ ಬೇಡದ ಗಾಳಿ ನುಗ್ಗುತ್ತದೆ. ಎಂಜಿನ್ ಓಡುವಾಗ ಆ ಸಂದಿಗೆ ಗ್ರೀಸ್ ಸವರಿ ನೋಡಿ. ಸದ್ದು ಬದಲಾದರೆ ಕಳ್ಳ ಸಿಕ್ಕ ಹಾಗೆ. ಹುಡುಗನ ಗಾಡಿಯಲ್ಲಿ ಸಿಕ್ಕಿದ್ದು ಅದೇ. ಗ್ಯಾಸ್ಕೆಟ್ ಬದಲಾಯಿಸಿ, ಪಾಯಿಂಟ್ ಸಂದು 0.4 ಮಿ.ಮೀ.ಗೆ ಇಟ್ಟು, ಎಂಜಿನ್ ಬಿಸಿಯಾದ ಮೇಲೆ ಏರ್ ಸ್ಕ್ರೂ ಹೊಂದಿಸಿದರು. ಮೆಲ್ಲಗೆ ಪೂರ್ತಿ ಮುಚ್ಚಿ, ಸುಮಾರು ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕಿವಿಯ ಲೆಕ್ಕ.

ಈ ತಡವರಿಕೆಯನ್ನು ಅಸಡ್ಡೆ ಮಾಡುವಂತಿಲ್ಲ. ಈ ಎಂಜಿನ್‌ಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಲೀಟರಿಗೆ ಸುಮಾರು 40 ಮಿ.ಲೀ. ಹಾಕುವುದು ವಾಡಿಕೆ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ, ಬಿಸಿಯೂ ಜಾಸ್ತಿ. ಪಿಸ್ಟನ್ ಜಾಮ್ ಆದರೆ ಓಡುವ ಗಾಡಿಯ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ ಬಣ್ಣ ನೋಡಿ: ಕಾಫಿ ಪುಡಿಯ ಬಣ್ಣ ಇದ್ದರೆ ಸರಿ, ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಅಪಾಯ. (2022ರಲ್ಲಿ ಹೊಸದಾಗಿ ಬಂದ ಯೆಜ್ಡಿ ಫೋರ್ ಸ್ಟ್ರೋಕ್. ಅದಕ್ಕೆ ಕಾರ್ಬುರೇಟರ್ರೇ ಇಲ್ಲ. ಈ ಪಾಠ ಹಳೆಯ ಗಾಡಿಗೆ ಮಾತ್ರ.)

ಸದ್ದಿಗೆ ಸುಂಕ

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, ಶಬ್ದ ಮಾಲಿನ್ಯದ ನಿಯಮ ಮೀರಿದ ಗಾಡಿ ಓಡಿಸಿದರೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂರು ತಿಂಗಳು ಲೈಸೆನ್ಸ್ ಕೂಡ ಇಲ್ಲ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಜಪ್ತಿ ಮಾಡಿ ರೋಡ್ ರೋಲರ್ ಹತ್ತಿಸಿದ್ದೂ ಉಂಟು. ದಂಡವನ್ನಾದರೂ ಸಾಲ ಮಾಡಿ ಕಟ್ಟಬಹುದು. ಲೈನ್ ಕೆಲಸದ ಹುಡುಗ ಮೂರು ತಿಂಗಳು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಕೂತರೆ ಒಲೆ ಉರಿಯುವುದು ಹೇಗೆ?

ಮಾರನೇ ದಿನ ಹುಡುಗ ಮಾಮೂಲಿನಂತೆ ದಿನಸಿ ಅಂಗಡಿಗೆ ಹೋದ. ಅಂಗಡಿಯವರು ತಕ್ಕಡಿಯಿಂದ ತಲೆಯೆತ್ತಿ, "ಏನಪ್ಪಾ, ಇವತ್ತು ಗಾಡಿ ತರಲಿಲ್ವಾ?" ಎಂದು ಕೇಳಿದರು.

"ನಿಮ್ಮ ಅಂಗಡಿ ಮುಂದೇನೇ ನಿಂತೈತೆ ಅಣ್ಣಾ!"