ಡೇರೆ ನರ್ಸರಿ: ಹೂವಿಗಿಂತ ಗಡ್ಡೆಯೇ ಬಂಡವಾಳ

ಮಲೆನಾಡಿನ ಸಾಗರ, ಶಿರಸಿ, ಸಿದ್ದಾಪುರ ಭಾಗದ ಮನೆಯಂಗಳಗಳಲ್ಲಿ ಮಳೆಗಾಲವೆಂದರೆ ಡೇರೆ ಹೂವಿನ ಕಾಲ. ಪಟ್ಟಣಿಗರು ಡೇಲಿಯಾ ಎಂದು ಕರೆಯುವ ಈ ಹೂವನ್ನು ಅಲ್ಲಿನ ಗೃಹಿಣಿಯರು ಬಹುಕಾಲದಿಂದ ಬೆಳೆಸುತ್ತ, ಅದರ ಗಡ್ಡೆಗಳನ್ನು ನೆಂಟರಿಷ್ಟರೊಡನೆ ಹಂಚಿಕೊಳ್ಳುತ್ತ ಬಂದಿದ್ದಾರೆ. ಈ ಹವ್ಯಾಸವನ್ನೇ ಸಣ್ಣ ನರ್ಸರಿಯಾಗಿ ಬೆಳೆಸಿ ನಾಲ್ಕು ಕಾಸು ಗಳಿಸಲು ಸಾಧ್ಯವಿದೆ. ಆದರೆ ಹೂವು ಚೆಲುವಾಗಿದೆ ಎಂದ ಮಾತ್ರಕ್ಕೆ ವ್ಯಾಪಾರ ಸಲೀಸಲ್ಲ. ಈ ಕಸುಬಿನ ಲಾಭ-ನಷ್ಟ ನಿರ್ಧಾರವಾಗುವುದು ಹೂವಿನಲ್ಲಲ್ಲ, ಮಣ್ಣಿನೊಳಗಿನ ಗಡ್ಡೆಯಲ್ಲಿ.

ಬೀಜವೇಕೆ ಬೇಡ?

ಡೇರೆಯ ತವರು ಮೆಕ್ಸಿಕೊ. 1791ರಲ್ಲಿ ಸ್ಪೇನಿನ ಸಸ್ಯವಿಜ್ಞಾನಿ ಕವನಿಲ್ಲೆಸ್, ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಗೌರವಾರ್ಥ ಇದಕ್ಕೆ ಡೇಲಿಯಾ ಎಂದು ಹೆಸರಿಟ್ಟರು. 1963ರಲ್ಲಿ ಮೆಕ್ಸಿಕೊ ಇದನ್ನು ತನ್ನ ರಾಷ್ಟ್ರೀಯ ಪುಷ್ಪವೆಂದು ಸಾರಿತು. ಇಂದಿನ ತಳಿಗಳೆಲ್ಲ ಹಲವು ಬಾರಿ ಸಂಕರಗೊಂಡವು. ಹೀಗಾಗಿ ಬೀಜದಿಂದ ಹುಟ್ಟಿದ ಗಿಡ ತಾಯಿಯ ಬಣ್ಣವನ್ನಾಗಲಿ, ಆಕಾರವನ್ನಾಗಲಿ ಹೋಲುವುದೆಂಬ ಭರವಸೆಯಿಲ್ಲ. ಗ್ರಾಹಕರು ಮೆಚ್ಚಿದ ಹೂವನ್ನೇ ಕೊಡಬೇಕಾದರೆ ಗಡ್ಡೆಯನ್ನು ವಿಭಜಿಸಬೇಕು, ಇಲ್ಲವೇ ಕುಡಿಯನ್ನು ಕತ್ತರಿಸಿ ಬೇರು ಬರಿಸಬೇಕು.

ಗಡ್ಡೆ ದಪ್ಪಗಿದ್ದರೆ ಸಾಲದು. ಆಲೂಗಡ್ಡೆಯಂತೆ ಇದರ ಮೈಯೆಲ್ಲ ಕಣ್ಣುಗಳಿರುವುದಿಲ್ಲ; ಕಾಂಡ ಸೇರುವ ಕತ್ತಿನ ಭಾಗದಲ್ಲಿ ಮಾತ್ರ ಮೊಳಕೆ ಒಡೆಯುತ್ತದೆ. ಆ ಭಾಗವಿಲ್ಲದೆ ಮುರಿದ ಗಡ್ಡೆ ಎಷ್ಟೇ ಗಟ್ಟಿಯಾಗಿದ್ದರೂ ಚಿಗುರದು. ಕಣ್ಣಿರುವ ಗಡ್ಡೆಯನ್ನಷ್ಟೇ ಮಾರುವುದು ವ್ಯಾಪಾರದ ಮೊದಲ ಪ್ರಾಮಾಣಿಕತೆ.

ಬೇಡಿಕೆ ಒಂದು ಕಾಲ, ಮಾರಾಟ ಇನ್ನೊಂದು ಕಾಲ

ಮಳೆಯ ಆರಂಭದಲ್ಲಿ ನೆಟ್ಟ ಗಡ್ಡೆ ಮಲೆನಾಡಿನಲ್ಲಿ ಚೌತಿಯ ಆಸುಪಾಸಿನಲ್ಲಿ ಹೂಬಿಡುತ್ತದೆ. ಬಯಲುಸೀಮೆಯಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನೆಟ್ಟು ಚಳಿಗಾಲದಲ್ಲಿ ಹೂವು ಪಡೆಯುವುದು ರೂಢಿ. ಹೂವು ಅರಳಿದಾಗಲೇ ನೋಡಿದವರು ಗಡ್ಡೆ ಕೇಳುತ್ತಾರೆ. ಆಗ ಕಿತ್ತುಕೊಟ್ಟರೆ ಬಲಿಯದ ಗಡ್ಡೆ ಕೊಳೆಯುತ್ತದೆ, ನರ್ಸರಿಯ ಹೆಸರೂ ಕೆಡುತ್ತದೆ. ಹೂವಿನ ಕಾಲದಲ್ಲಿ ಬೇಡಿಕೆ ಬರೆದುಕೊಂಡು, ಗಿಡ ಒಣಗಿ ಗಡ್ಡೆ ಬಲಿತ ಮೇಲೆ ಒದಗಿಸುವುದೇ ಜಾಣತನ. ಅರ್ಥಾತ್, ಮೊದಲ ಹಲವು ತಿಂಗಳು ಖರ್ಚು ಮಾತ್ರ, ಆದಾಯವಿಲ್ಲ. ಸಾಲ ಮಾಡಿ ಆರಂಭಿಸುವವರು ಇದನ್ನು ಮರೆಯಬಾರದು.

ಒಂದು ಲೆಕ್ಕ ನೋಡಬಹುದು. 20 ತಳಿಗಳ ತಲಾ 5 ಗಿಡ ಬೆಳೆಸಿದರೆ 100 ಗಡ್ಡೆ ಗುಂಪುಗಳಾಗುತ್ತವೆ. ಪ್ರತಿ ತಳಿಯ ಎರಡು ಗುಂಪುಗಳನ್ನು ತಾಯಿಗಿಡಕ್ಕೆಂದು ಇಟ್ಟರೆ ಉಳಿಯುವುದು 60. ಅವುಗಳಿಂದ ತಲಾ ಮೂರು ಕಣ್ಣಿನ ಗಡ್ಡೆ ಸಿಕ್ಕರೆ 180. ಆರರಲ್ಲೊಂದು ಕೊಳೆತರೂ 150 ಮಾರಾಟಕ್ಕೆ ಉಳಿಯುತ್ತವೆ. ಒಳ್ಳೆಯ ಬೆಲೆ ಬಂತೆಂದು ತಾಯಿ ಗಡ್ಡೆಗಳನ್ನೂ ಮಾರಿದರೆ ಮರುವರ್ಷ ಮತ್ತೆ ಕೊಂಡು ತರಬೇಕಾದೀತು.

ಸಂಖ್ಯೆ ಹೆಚ್ಚಿಸಲು ಕುಡಿಗಳು ನೆರವಾಗುತ್ತವೆ. ಮೊಳೆತ ಗಡ್ಡೆಯಿಂದ ಸುಮಾರು ಮೂರು ಇಂಚಿನ ಕುಡಿಯನ್ನು ಎಲೆಗಿಣ್ಣಿನ ಕೆಳಗೆ ಕತ್ತರಿಸಿ, ನೆರಳಿನಲ್ಲಿ ತೇವದ ಮರಳಿಗೆ ನೆಟ್ಟರೆ ಎರಡು-ಮೂರು ವಾರಗಳಲ್ಲಿ ಬೇರು ಬರುತ್ತದೆ.

ನೀರು ಮತ್ತು ನಂಜು

ಡೇರೆಯ ದೊಡ್ಡ ಶತ್ರು ನಿಂತ ನೀರು. ಕುಂಡದ ಮಣ್ಣಿಗೆ ಮರಳು, ಕಳಿತ ಗೊಬ್ಬರ ಬೆರೆಸಿ, ತಳದಲ್ಲಿ ನೀರು ಬಸಿಯಲು ತೂತು ಇಡಬೇಕು. ಧಾರಾಕಾರ ಮಳೆಯಿರುವೆಡೆ ಸೂರು ಅಥವಾ ಪಾರದರ್ಶಕ ಹಾಳೆಯ ಮರೆ ಅಗತ್ಯ. ಕಿತ್ತ ಗಡ್ಡೆಗಳನ್ನು ನೆರಳಿನಲ್ಲಿ ಆರಿಸಿ, ಒಣ ಮರಳು ಅಥವಾ ತೆಂಗಿನ ನಾರಿನ ಪುಡಿಯಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ಪರೀಕ್ಷಿಸಿ ಕೊಳೆತದ್ದನ್ನು ತೆಗೆಯುವುದು ಒಳಿತು.

ಇದಕ್ಕಿಂತ ಅಪಾಯಕಾರಿ ಎಂದರೆ ಮೊಸಾಯಿಕ್ ನಂಜು ರೋಗ. ಎಲೆಯ ನರಗಳ ಗುಂಟ ಹಳದಿ ಗೆರೆ, ಮುರುಟಿದ ಎಲೆ, ಕುಳ್ಳಾದ ಗಿಡ ಇದರ ಲಕ್ಷಣ. ಸಸ್ಯಹೇನುಗಳು ಇದನ್ನು ಹರಡುತ್ತವೆ. ರೋಗದ ಗಿಡದಿಂದ ತೆಗೆದ ಗಡ್ಡೆ, ಕುಡಿಗಳಲ್ಲೂ ನಂಜು ಮುಂದುವರಿಯುತ್ತದೆ. ಇದಕ್ಕೆ ಮದ್ದಿಲ್ಲ. ಎಷ್ಟೇ ಅಪರೂಪದ ತಳಿಯಾದರೂ ಅಂಥ ಗಿಡವನ್ನು ಕಿತ್ತು ಸುಡುವುದೇ ದಾರಿ. ಒಂದು ಗಿಡದ ಮೋಹಕ್ಕೆ ಬಿದ್ದರೆ ಇಡೀ ನರ್ಸರಿಯಷ್ಟೇ ಅಲ್ಲ, ಗ್ರಾಹಕರ ಅಂಗಳವೂ ರೋಗದ ಪಾಲಾಗುತ್ತದೆ.

ಹೆಸರೇ ಆಸ್ತಿ

ಒಣಗಿದ ಗಡ್ಡೆಗಳಲ್ಲಿ ಕೆಂಪು ಯಾವುದು, ಹಳದಿ ಯಾವುದು ಎಂದು ಕಣ್ಣಿನಿಂದ ಗುರುತಿಸಲಾಗದು. ಹೂವಿರುವಾಗಲೇ ಪ್ರತಿ ಗಿಡಕ್ಕೂ ಚೀಟಿ ಕಟ್ಟಿ, ಚಿತ್ರ ತೆಗೆದಿಡುವುದು ಕಡ್ಡಾಯ. ವಿದೇಶಿ ತಳಿಯ ಆಸೆಯಿಂದ ಗಡ್ಡೆ ತರಿಸುವವರು ಇನ್ನೊಂದನ್ನು ಅರಿತಿರಬೇಕು: 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಗಡ್ಡೆ ಕೊಂಡವರು ಅದರ ಹೂವನ್ನು ಕಾಣುವುದು ತಿಂಗಳುಗಳ ನಂತರ. ಅಲ್ಲಿಯವರೆಗೆ ಅವರ ಕೈಯಲ್ಲಿರುವುದು ಮಾರಿದವರ ಮಾತು ಮಾತ್ರ. ಆ ಮಾತು ಹೂವಾಗಿ ಅರಳಿದರೆ ಮರುವರ್ಷ ಅವರು ಮತ್ತೆ ಬರುತ್ತಾರೆ, ಜೊತೆಗೆ ನೆರೆಯವರನ್ನೂ ಕರೆತರುತ್ತಾರೆ.